ಹೋದ ವರ್ಷ ಕಲಿತವಳು ಈ ವರ್ಷ ಕಲಿಸುತ್ತಾಳೆ

ಮಕ್ಕಳ ಬೇಸಿಗೆ ಶಿಬಿರ ನಡೆಸಲು ಹೊರಟವರಿಗೆ ಮೊದಲ ಚಿಂತೆ ಜಾಗದ್ದು. ಹಾಡು ಯಾವುದು, ನಾಟಕ ಯಾವುದು, ಮಧ್ಯಾಹ್ನದ ಊಟಕ್ಕೆ ಏನು ಎಂಬುದೆಲ್ಲ ಆಮೇಲಿನ ಮಾತು. ಓಡಾಡಲು ಒಂದು ಅಂಗಳ, ಬಿಸಿಲೇರಿದಾಗ ಕೂರಲು ನೆರಳು, ಎಲ್ಲರೂ ಒಮ್ಮೆಲೇ ಕೂಗಿದರೂ ಸಹಿಸಿಕೊಳ್ಳುವ ನೆರೆಹೊರೆ, ಇಷ್ಟಿದ್ದರೆ ಅರ್ಧ ಶಿಬಿರ ಗೆದ್ದಂತೆ. ಮಕ್ಕಳಿಗೆ ನಾಟಕ ಕಲಿಸುವ ಕೆಲಸದಲ್ಲಿ ಬಹಳ ಕಾಲದಿಂದ ಇರುವ ನಾನು ಯಾವ ದೇಶದ ಶಿಬಿರದ ಬಗ್ಗೆ ಓದಿದರೂ ಮೊದಲು ಹುಡುಕುವುದು ಅಂಗಳವನ್ನೇ. ಪ್ಯಾಲೆಸ್ತೀನಿ ನಿರಾಶ್ರಿತರ ಕ್ಯಾಂಪುಗಳಲ್ಲಿ ಬೇಸಿಗೆ ರಜೆಯಲ್ಲಿ ನಡೆಯುವ ಮಕ್ಕಳ ಮತ್ತು ಯುವಜನರ ಕಾರ್ಯಕ್ರಮಗಳು ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಕಾರಣಕ್ಕೆ. ಅಂಗಳವೇ ಇಲ್ಲದ ಕಡೆ ಇವರು ಇದನ್ನೆಲ್ಲ ನಡೆಸುವುದಾದರೂ ಹೇಗೆ?

ಬೆತ್ಲೆಹೆಮ್ ಪಟ್ಟಣಕ್ಕೆ ಅಂಟಿಕೊಂಡಿರುವ ಐದಾ ಕ್ಯಾಂಪನ್ನೇ ನೋಡಿ. 1950ರಲ್ಲಿ ಡೇರೆಗಳ ಸಾಲಾಗಿ ಶುರುವಾದ ಈ ಕ್ಯಾಂಪಿನ ವಿಸ್ತಾರ ಸುಮಾರು ಹದಿನೇಳು ಎಕರೆ. ನಮ್ಮ ಕಡೆಯ ಒಬ್ಬ ದೊಡ್ಡ ಹಿಡುವಳಿದಾರನ ಹೊಲದಷ್ಟು. ಅಷ್ಟರಲ್ಲಿ ಸಾವಿರಾರು ಜನರ ಬಾಳು ನಡೆಯಬೇಕು. ಡೇರೆಗಳ ಜಾಗದಲ್ಲಿ ಒಂಟಿ ಕೋಣೆಗಳು ಬಂದವು. ಮಗನಿಗೆ ಮದುವೆಯಾದಾಗ ಕೋಣೆಯ ಮೇಲೊಂದು ಕೋಣೆ, ಮೊಮ್ಮಗನ ಕಾಲಕ್ಕೆ ಇನ್ನೊಂದು. ನೆಲ ಹಿಗ್ಗುವುದಿಲ್ಲವಾದ್ದರಿಂದ ಮನೆಗಳು ಮೇಲಕ್ಕೆ ಬೆಳೆದವು, ಓಣಿಗಳು ಕಿರಿದಾಗುತ್ತಾ ಹೋದವು. ಕ್ಯಾಂಪಿನ ಮಗ್ಗುಲಲ್ಲೇ ಇಸ್ರೇಲ್ ಕಟ್ಟಿದ ಕಾಂಕ್ರೀಟ್ ತಡೆಗೋಡೆ ಹಾದುಹೋಗಿದೆ, ಎತ್ತರ ಎಂಟು ಮೀಟರ್. ಗೋಡೆ ಬರುವ ಮೊದಲು ಮಕ್ಕಳು ಆಡಲು ಹೋಗುತ್ತಿದ್ದ ಆಲಿವ್ ತೋಪುಗಳು ಈಗ ಅದರ ಆಚೆಗಿವೆ. ಗಾಜಾ ನಗರದ ಕಡಲಂಚಿನ ಶಾತಿ ಕ್ಯಾಂಪಿನಲ್ಲಿ 2023ರ ಯುದ್ಧಕ್ಕೆ ಮೊದಲು ಅರ್ಧ ಚದರ ಕಿಲೋಮೀಟರಿನಲ್ಲಿ 80 ಸಾವಿರಕ್ಕೂ ಹೆಚ್ಚು ಜನರಿದ್ದರು.

ಇವರೆಲ್ಲ ಯಾರು ಎಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಇಸ್ರೇಲ್ ಹುಟ್ಟಿದ ಹೊತ್ತಿನ 1948ರ ಯುದ್ಧದಲ್ಲಿ ಊರು, ಮನೆ, ಜಮೀನು ಬಿಟ್ಟು ಓಡಿದ ಅಥವಾ ಓಡಿಸಲ್ಪಟ್ಟ ಪ್ಯಾಲೆಸ್ತೀನಿಯರು ಏಳು ಲಕ್ಷಕ್ಕೂ ಹೆಚ್ಚು. ಅವರಿಗಾಗಿ ವಿಶ್ವಸಂಸ್ಥೆಯ ಮಹಾಸಭೆ 1949ರ ಡಿಸೆಂಬರ್‌ನಲ್ಲಿ ಪ್ರತ್ಯೇಕ ಸಂಸ್ಥೆಯೊಂದನ್ನು ಸ್ಥಾಪಿಸಿತು. 1950ರ ಮೇ 1ರಿಂದ ಕೆಲಸ ಶುರುಮಾಡಿದ ಆ ಸಂಸ್ಥೆಯೇ ಉನ್ರ್ವಾ. ಅದು ತಾತ್ಕಾಲಿಕ ಎಂದೇ ಎಲ್ಲರೂ ಭಾವಿಸಿದ್ದರು. ಇಂದು ಅದರ ಪಟ್ಟಿಯಲ್ಲಿ ಸುಮಾರು 59 ಲಕ್ಷ ಜನರಿದ್ದಾರೆ. ವೆಸ್ಟ್ ಬ್ಯಾಂಕ್, ಗಾಜಾ, ಜೋರ್ಡಾನ್, ಲೆಬನಾನ್, ಸಿರಿಯಾಗಳಲ್ಲಿ ಒಟ್ಟು 58 ಅಧಿಕೃತ ಕ್ಯಾಂಪುಗಳಿವೆ. ಈಗ ಬೇಸಿಗೆ ಶಿಬಿರಕ್ಕೆ ಬರುವ ಹುಡುಗಿ ಆ ಮೊದಲ ಡೇರೆಯಲ್ಲಿ ಮಲಗಿದವರ ಮೊಮ್ಮಗಳು ಅಥವಾ ಮರಿಮಗಳು. ನಿನ್ನ ಊರು ಯಾವುದು ಎಂದು ಕೇಳಿದರೆ ತಾನು ಕಂಡೇ ಇರದ ಹಳ್ಳಿಯ ಹೆಸರು ಹೇಳುತ್ತಾಳೆ.

ಕ್ಯಾಂಪಿನ ಮಗುವಿಗೆ ಶಾಲೆಯೇ ಅಂಗಳ. ಉನ್ರ್ವಾ ಶಾಲೆಗಳ ಗೋಡೆಗೆ ನೀಲಿ ಬಿಳಿ ಬಣ್ಣ, ಒಳಗೊಂದು ಸಿಮೆಂಟಿನ ಬಯಲು. ಗಾಜಾದ ಬಹುತೇಕ ಶಾಲೆಗಳು ಎರಡು ಪಾಳಿಯಲ್ಲಿ ನಡೆಯುತ್ತಿದ್ದವು, ಬೆಳಿಗ್ಗೆ ಒಂದು ತಂಡ, ಮಧ್ಯಾಹ್ನ ಇನ್ನೊಂದು. ಜೂನ್ ಬಂತೆಂದರೆ ಆ ಬಯಲಿಗೆ ಬೀಗ. ಉಳಿಯುವುದು ಓಣಿ, ಮಹಡಿಯ ತಾರಸಿ, ಕರೆಂಟಿಲ್ಲದ ಕೋಣೆ. ಓಣಿಯಾದರೂ ಗಂಡುಮಕ್ಕಳದು. ಹದಿಮೂರು ಹದಿನಾಲ್ಕು ದಾಟಿದ ಹುಡುಗಿಗೆ ಬೇಸಿಗೆ ಎಂದರೆ ಮನೆಯೊಳಗಿನ ಎರಡೂವರೆ ತಿಂಗಳು. ವೆಸ್ಟ್ ಬ್ಯಾಂಕಿನ ಕ್ಯಾಂಪುಗಳಲ್ಲಿ ಇದರ ಜೊತೆಗೆ ಇಸ್ರೇಲಿ ಸೇನೆಯ ರಾತ್ರಿ ದಾಳಿಗಳು, ಅಶ್ರುವಾಯು, ಬಂಧನ. ಕೆಲಸವಿಲ್ಲದೆ ಓಣಿಯಲ್ಲಿ ನಿಂತ ಹದಿನಾರರ ಹುಡುಗನಿಗೂ ಸೈನಿಕರ ಜೀಪಿಗೂ ನಡುವಿನ ದೂರ ಕೆಲವೇ ಹೆಜ್ಜೆ. ಬೇಸಿಗೆ ಶಿಬಿರದ ಮೊದಲ ಉಪಯೋಗ ಇಲ್ಲೇ ಇದೆ. ಮಕ್ಕಳು ಏನು ಕಲಿತರು ಎಂಬುದಕ್ಕಿಂತ ಮೊದಲು, ಬೆಳಗಿನ ಕೆಲವು ಗಂಟೆ ಅವರು ಎಲ್ಲಿದ್ದರು ಎಂಬುದು ತಾಯಂದಿರಿಗೆ ಗೊತ್ತಿರುತ್ತದೆ. ಶಾಲೆಯ ಕಾಂಪೌಂಡಿನೊಳಗೆ ನಡೆಯುವ ಶಿಬಿರಕ್ಕೆ ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಅಷ್ಟಾಗಿ ಹಿಂದೆಮುಂದೆ ನೋಡುವುದಿಲ್ಲ. ವರದಿಗಳು ಇದನ್ನು ಸಾಲಿನ ಕೊನೆಯಲ್ಲಿ ಬರೆಯುತ್ತವೆ. ನಾನಾದರೆ ಮೊದಲ ಸಾಲಿನಲ್ಲೇ ಬರೆಯುತ್ತಿದ್ದೆ.

ಈ ಕಾರ್ಯಕ್ರಮಗಳಲ್ಲೆಲ್ಲ ದೊಡ್ಡದು ಗಾಜಾದಲ್ಲಿ ನಡೆಯಿತು. 2007ರಲ್ಲಿ ಗಾಜಾದ ಮೇಲೆ ದಿಗ್ಬಂಧನ ಬಿಗಿಯಾದ ಆಸುಪಾಸಿನಲ್ಲೇ ಉನ್ರ್ವಾ ಅಲ್ಲಿ ಬೇಸಿಗೆ ಕ್ರೀಡೋತ್ಸವಗಳನ್ನು ಆರಂಭಿಸಿತು. ಅವು ಬೆಳೆಯುತ್ತಾ ಬೆಳೆಯುತ್ತಾ ಒಂದೊಂದು ಬೇಸಿಗೆಯಲ್ಲಿ ಸುಮಾರು ಎರಡೂವರೆ ಲಕ್ಷ ಮಕ್ಕಳನ್ನು ತಲುಪುವಷ್ಟಾದವು. ಫುಟ್‌ಬಾಲ್, ಈಜು, ಚಿತ್ರಕಲೆ, ಕರಕುಶಲ, ಕಥೆ ಹೇಳುವುದು, ನಾಟಕ. ಎಲ್ಲವೂ ಶಾಲೆಯ ಬಯಲಲ್ಲಿ ಮತ್ತು ಕಡಲ ದಂಡೆಯಲ್ಲಿ. ಗಾಜಾದಲ್ಲಿ ದಿಗ್ಬಂಧನಕ್ಕೆ ಸಿಗದೆ ಉಳಿದ ಅಂಗಳವೆಂದರೆ ಆ ಮರಳ ದಂಡೆಯೊಂದೇ. ಕಡಲೊಳಗೆ ಮೀನುಗಾರರು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಗಡಿ ಇತ್ತು. ದಂಡೆಯ ಉದ್ದಕ್ಕೂ ಓಡುವ ಮಗುವಿಗೆ ಗಡಿ ಇರಲಿಲ್ಲ.

2009ರ ಜುಲೈ ಕೊನೆಯಲ್ಲಿ, ಅಂದರೆ ಆ ವರ್ಷದ ಯುದ್ಧ ನಿಂತು ಆರು ತಿಂಗಳಾದಾಗ, ಉತ್ತರ ಗಾಜಾದ ಬೈತ್ ಲಾಹಿಯಾ ಕಡಲ ತೀರದಲ್ಲಿ ಮಕ್ಕಳು ಮೂರು ಸಾವಿರಕ್ಕೂ ಹೆಚ್ಚು ಗಾಳಿಪಟಗಳನ್ನು ಒಮ್ಮೆಗೇ ಹಾರಿಸಿ ವಿಶ್ವದಾಖಲೆ ಬರೆದರು. ಮುಂದಿನ ವರ್ಷ ರಫಾದ ಪಾಳುಬಿದ್ದ ವಿಮಾನ ನಿಲ್ದಾಣದಲ್ಲಿ 7,203 ಮಕ್ಕಳು ಒಟ್ಟಿಗೆ ಬಾಸ್ಕೆಟ್‌ಬಾಲ್ ಪುಟಿಸಿದರು. 1998ರಲ್ಲಿ ಸಂಭ್ರಮದಿಂದ ತೆರೆದು, ಎರಡನೇ ಇಂತಿಫಾದಾದ, ಅಂದರೆ ಪ್ಯಾಲೆಸ್ತೀನಿಯರ ದಂಗೆಯ, ದಿನಗಳಲ್ಲಿ ಬಾಂಬು, ಬುಲ್ಡೋಜರುಗಳಿಗೆ ಸಿಕ್ಕು ಹಾಳಾದ ನಿಲ್ದಾಣ ಅದು. 2011ರ ಜುಲೈನಲ್ಲಿ ಮತ್ತೆ ಬೈತ್ ಲಾಹಿಯಾದಲ್ಲಿ 12,350 ಗಾಳಿಪಟ. ಅದೇ ವರ್ಷದ ಏಪ್ರಿಲ್‌ನಲ್ಲಿ ಚೀನಾದ ವೈಫಾಂಗ್ ನಗರ ಮಾಡಿದ್ದ ದಾಖಲೆಯನ್ನು ಈ ಮಕ್ಕಳು ಮುರಿದರು. ದಾಖಲೆಗಳ ಹುಚ್ಚು ನನಗಿಲ್ಲ. ಆದರೆ ಪಟ ಕಟ್ಟುವುದನ್ನು ಕಲಿಸಿದವರಿಗೆ ಈ ಸಂಖ್ಯೆಯ ಹಿಂದಿನ ಶ್ರಮ ಗೊತ್ತಾಗುತ್ತದೆ. ಕಡ್ಡಿ ಹೊಂದಿಸಬೇಕು, ಸೂತ್ರ ಕಟ್ಟಬೇಕು, ಬಾಲಂಗೋಚಿಯ ತೂಕ ನೋಡಬೇಕು. ಹನ್ನೆರಡು ಸಾವಿರ ಪಟಗಳೆಂದರೆ ಅಷ್ಟೂ ಮಕ್ಕಳ ಪಕ್ಕದಲ್ಲಿ ತಾಳ್ಮೆಯಿಂದ ಕೂತ ನೂರಾರು ಯುವಕ ಯುವತಿಯರು. ನಾನು ಇಡೀ ಬರಹದಲ್ಲಿ ಹೇಳಲು ಹೊರಟಿರುವುದು ಆ ಪಕ್ಕದಲ್ಲಿ ಕೂತವರ ಬಗ್ಗೆಯೇ.

ಅದಕ್ಕೆ ಮೊದಲು ಇನ್ನೊಂದು ಘಟನೆ. 2010ರ ಮೇ 23ರ ನಸುಕಿನಲ್ಲಿ ಮುಸುಕುಧಾರಿಗಳ ಗುಂಪೊಂದು ಗಾಜಾ ಕಡಲ ತೀರದಲ್ಲಿ ಆ ಬೇಸಿಗೆಗಾಗಿ ಕಟ್ಟುತ್ತಿದ್ದ ಶಿಬಿರಕ್ಕೆ ನುಗ್ಗಿ ಕಾವಲುಗಾರನನ್ನು ಕಟ್ಟಿಹಾಕಿ ಬೆಂಕಿ ಹಚ್ಚಿತು. ಉನ್ರ್ವಾದ ಗಾಜಾ ಮುಖ್ಯಸ್ಥ ಜಾನ್ ಗಿಂಗ್ ಅವರನ್ನು ಬೆದರಿಸುವ ಪತ್ರವನ್ನೂ ಗುಂಡುಗಳನ್ನೂ ಬಿಟ್ಟು ಹೋಯಿತು. ಜೂನ್ ಕೊನೆಯಲ್ಲಿ ಇನ್ನೊಂದು ಶಿಬಿರಕ್ಕೂ ಬೆಂಕಿ ಬಿತ್ತು. ಈ ಆಟಪಾಟಗಳು ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ದಾರಿ ತಪ್ಪಿಸುತ್ತವೆ ಎಂದು ನಂಬಿದವರು ಅಲ್ಲಿದ್ದರು. ಬೇಸಿಗೆಯ ಮಕ್ಕಳ ಮೇಲೆ ಬೇರೆಯವರ ಕಣ್ಣೂ ಇತ್ತು. ಗಾಜಾವನ್ನು ಆಳುತ್ತಿದ್ದ ಹಮಾಸ್ ತನ್ನದೇ ಶಿಬಿರಗಳನ್ನು ನಡೆಸುತ್ತಿತ್ತು, ಅಲ್ಲಿ ಧಾರ್ಮಿಕ ಪಾಠದ ಜೊತೆ ಕವಾಯತು. ಮುಂದಿನ ವರ್ಷಗಳಲ್ಲಿ ದೊಡ್ಡ ಹುಡುಗರಿಗೆ ಬಂದೂಕು ಹಿಡಿಯುವ ತರಬೇತಿಯೂ ಸೇರಿತು. ಹೊರಗೆ ದಿಗ್ಬಂಧನ, ಒಳಗೆ ಈ ಎಳೆದಾಟ. ಸುಟ್ಟುಹೋದ ಶಿಬಿರವನ್ನು ಮತ್ತೆ ಕಟ್ಟಿದರು, ಮಕ್ಕಳು ಬಂದರು. ಮಗಳ ಕೈ ಹಿಡಿದು ಆ ವಾರ ಮತ್ತೆ ಕಡಲ ದಂಡೆಗೆ ಕರೆತಂದ ತಾಯಂದಿರ ಧೈರ್ಯಕ್ಕೆ ಯಾವ ದಾಖಲೆ ಪುಸ್ತಕದಲ್ಲೂ ಪುಟವಿಲ್ಲ.

ಹಣದ ಕಥೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಪ್ರತಿ ವರ್ಷವೂ ಒಂದೇ ಕಥೆ. ಉನ್ರ್ವಾ ನಡೆಯುವುದು ಬಹುಪಾಲು ದೇಶಗಳು ತಾವಾಗಿ ಕೊಡುವ ದೇಣಿಗೆಯಿಂದ. ಬೇಸಿಗೆ ಚಟುವಟಿಕೆಗಳಿಗೆ ಹಣ ಕೂಡಿಸಲು 2011ರಲ್ಲಿ ಗಾಜಾದ ಉದ್ದಕ್ಕೂ ಮ್ಯಾರಥಾನ್ ಓಟ ಶುರುವಾಯಿತು. 2013ರಲ್ಲಿ ಹೆಂಗಸರು ಓಡಬಾರದೆಂದು ಹಮಾಸ್ ಆಡಳಿತ ತಡೆದಾಗ ಉನ್ರ್ವಾ ಆ ವರ್ಷದ ಓಟವನ್ನೇ ಕೈಬಿಟ್ಟಿತು. ಹಣ ಹೋದರೂ ಸರಿ ಎಂದ ಆ ತೀರ್ಮಾನವನ್ನು ನಾನು ಗೌರವಿಸುತ್ತೇನೆ. 2018ರಲ್ಲಿ ಅಮೆರಿಕ ತನ್ನ ನೆರವನ್ನು ನಿಲ್ಲಿಸಿತು. ಮಕ್ಕಳ ಮನಸ್ಸಿನ ಆರೈಕೆ ಮಾಡುತ್ತಿದ್ದ ಸಲಹೆಗಾರರ ಕೆಲಸಗಳಿಗೇ ಮೊದಲು ಕುತ್ತು ಬಂತು. ಅದೇ ವರ್ಷ ಭಾರತ ತನ್ನ ವಾರ್ಷಿಕ ದೇಣಿಗೆಯನ್ನು 12.5 ಲಕ್ಷ ಡಾಲರ್‌ನಿಂದ 50 ಲಕ್ಷ ಡಾಲರ್‌ಗೆ ಏರಿಸಿತು. ನಮ್ಮಲ್ಲಿ ಇದು ದೊಡ್ಡ ಸುದ್ದಿಯಾಗಲಿಲ್ಲ, ಆಗಬೇಕಿತ್ತು.

ಇಷ್ಟು ದೊಡ್ಡ ಪ್ರಮಾಣದ ಕಾರ್ಯಕ್ರಮಕ್ಕೆ ಒಂದು ಮಿತಿ ಇದೆ. ದೇಣಿಗೆ ನಿಂತರೆ ಅದೂ ನಿಲ್ಲುತ್ತದೆ. ಕ್ಯಾಂಪಿನೊಳಗಿನವರೇ ಕಟ್ಟಿಕೊಂಡ ಸಣ್ಣ ಕೇಂದ್ರಗಳ ರೀತಿ ಬೇರೆ. ಬೆತ್ಲೆಹೆಮ್ ಬಳಿಯ ದಹೈಶಾ ಕ್ಯಾಂಪಿನಲ್ಲಿ 1994ರಲ್ಲಿ ಇಬ್ದಾ ಸಾಂಸ್ಕೃತಿಕ ಕೇಂದ್ರ ಹುಟ್ಟಿತು. ಮೊದಲು ದಬ್ಕೆ ಕುಣಿತದ ತಂಡ, ಆಮೇಲೆ ಶಿಶುವಿಹಾರ, ಗ್ರಂಥಾಲಯ, ಕಂಪ್ಯೂಟರ್ ಕೋಣೆ, ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ. ದಬ್ಕೆ ಎಂದರೆ ಕೈ ಕೈ ಹಿಡಿದು ಸಾಲಾಗಿ ನಿಂತು ನೆಲಕ್ಕೆ ಕಾಲಪ್ಪಳಿಸಿ ಕುಣಿಯುವ ಊರ ಮದುವೆಯ ಕುಣಿತ. ಹುಡುಗರು ಹುಡುಗಿಯರು ಒಂದೇ ಸಾಲಿನಲ್ಲಿ ಕೈ ಹಿಡಿದು ನಿಲ್ಲುವುದನ್ನು ಕ್ಯಾಂಪಿನ ಹಿರಿಯರು ಒಪ್ಪಿಕೊಳ್ಳುವಂತೆ ಮಾಡಲು ಕೇಂದ್ರದವರು ಮನೆ ಮನೆಗೆ ಹೋಗಬೇಕಾಯಿತು. ಹೊರಗಿನ ಸಂಸ್ಥೆಯೊಂದು ಇದನ್ನೇ ಹೇಳಿದ್ದರೆ ಬಾಗಿಲು ತೆರೆಯುತ್ತಿತ್ತೇ? ತೆರೆದದ್ದು ಪಕ್ಕದ ಮನೆಯ ಹುಡುಗ ಬಂದು ಕೇಳಿದ್ದರಿಂದ, ಆ ಹುಡುಗನ ಅಜ್ಜಿ ಯಾರೆಂದು ಎಲ್ಲರಿಗೂ ಗೊತ್ತಿದ್ದರಿಂದ.

ಇಬ್ದಾದ ಕಂಪ್ಯೂಟರುಗಳಿಂದ ನಡೆದದ್ದೊಂದನ್ನು ನಾನು ಮರೆಯಲಾರೆ. ದಹೈಶಾದ ಮಕ್ಕಳು ಲೆಬನಾನಿನ ಬೈರೂತ್‌ನ ಶತೀಲಾ ಕ್ಯಾಂಪಿನ ಮಕ್ಕಳಿಗೆ ಇಮೇಲ್ ಬರೆಯತೊಡಗಿದರು. ಇಬ್ಬರೂ ನಿರಾಶ್ರಿತರು, ಇಬ್ಬರ ಅಜ್ಜ ಅಜ್ಜಿಯರೂ ಇಂದಿನ ಇಸ್ರೇಲಿನಲ್ಲಿರುವ ಹಳ್ಳಿಗಳಿಂದ ಹೊರಟವರು. ಆದರೆ ನಡುವೆ ದಾಟಲಾಗದ ಗಡಿ. 2000ದ ಮೇ ತಿಂಗಳಲ್ಲಿ ಇಸ್ರೇಲಿ ಸೇನೆ ದಕ್ಷಿಣ ಲೆಬನಾನ್ ಬಿಟ್ಟು ಹೊರಟಾಗ ಕೆಲವು ವಾರ ಗಡಿಯ ಮುಳ್ಳುತಂತಿಯ ಬೇಲಿಯವರೆಗೆ ಹೋಗಲು ಸಾಧ್ಯವಾಯಿತು. ಎರಡೂ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬಂದರು. ಪರದೆಯ ಮೇಲಷ್ಟೇ ಪರಿಚಯವಿದ್ದ ಗೆಳತಿಯರು ತಂತಿಯ ಸಂದಿಯಲ್ಲಿ ಕೈ ಚಾಚಿ ಬೆರಳು ಹಿಡಿದುಕೊಂಡರು, ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗಿದರು. ಆ ಬಾಗಿಲು ಬೇಗನೆ ಮುಚ್ಚಿತು. ಅದೇ ಸೆಪ್ಟೆಂಬರ್‌ನಲ್ಲಿ ಎರಡನೇ ಇಂತಿಫಾದಾ ಶುರುವಾಯಿತು.

ಐದಾದಲ್ಲಿ 1998ರಲ್ಲಿ ಅಬ್ದೆಲ್‌ಫತ್ತಾಹ್ ಅಬುಸ್ರೂರ್ ಅಲ್‌ರೊವ್ವಾದ್ ಎಂಬ ಕೇಂದ್ರ ಕಟ್ಟಿದರು. ಅದೇ ಕ್ಯಾಂಪಿನಲ್ಲಿ ಹುಟ್ಟಿದ ಅವರು ಫ್ರಾನ್ಸ್‌ನಲ್ಲಿ ಜೀವವಿಜ್ಞಾನ ಓದಿ ಡಾಕ್ಟರೇಟ್ ಪಡೆದು ಹಿಂತಿರುಗಿದವರು, ರಂಗಭೂಮಿಯ ಒಲವಿನವರು. ಮಕ್ಕಳು ದೇಶಕ್ಕಾಗಿ ಸಾಯುವ ಮಾತಾಡುವುದನ್ನು ಕೇಳಿ, ದೇಶಕ್ಕಾಗಿ ಬಾಳುವ ದಾರಿ ತೋರಿಸಬೇಕೆಂದು ನಾಟಕ, ಛಾಯಾಚಿತ್ರ, ಹಾಡುಗಳನ್ನು ಹಿಡಿದರು. ಸುಂದರ ಪ್ರತಿರೋಧ ಎಂದು ಅವರು ಅದನ್ನು ಕರೆಯುತ್ತಾರೆ. 2000ದಲ್ಲಿ ಅದೇ ಕ್ಯಾಂಪಿನ ಯುವಕರು ಲಾಜಿ ಕೇಂದ್ರ ಆರಂಭಿಸಿದರು. ಹದಿನೇಳು ಎಕರೆಯಲ್ಲಿ ಎರಡು ಕೇಂದ್ರ, ಎರಡೂ ಬೇಸಿಗೆಯಲ್ಲಿ ತುಂಬಿ ತುಳುಕುತ್ತವೆ. ಅಲ್ಲಿನ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು ಅಜ್ಜಿಯರಿಂದ ಊರಿನ ಕಥೆ ಕೇಳಿ ಬರೆಯಲು ಹೇಳುತ್ತಾರೆ. ಬಾವಿ ಎಲ್ಲಿತ್ತು, ಅಂಜೂರದ ಮರ ಯಾರ ಮನೆಯ ಮುಂದಿತ್ತು, ಸುಗ್ಗಿಯಲ್ಲಿ ಏನು ಹಾಡುತ್ತಿದ್ದರು. ಕಡಲನ್ನೇ ಕಾಣದ ಮಕ್ಕಳು ಇವರಲ್ಲಿ ಅನೇಕರು. ಬೆತ್ಲೆಹೆಮ್‌ನಿಂದ ಮೆಡಿಟರೇನಿಯನ್ ಕಡಲು ನೇರ ಗೆರೆಯಲ್ಲಿ ಅರವತ್ತು ಕಿಲೋಮೀಟರೂ ಇಲ್ಲ. ಆದರೆ ಅಲ್ಲಿಗೆ ಹೋಗಲು ಪರವಾನಗಿ ಬೇಕು.

ರಮಲ್ಲಾ ಬಳಿಯ ಅಲ್ ಅಮರಿ ಕ್ಯಾಂಪಿನ ರಮ್ಜಿ ಅಬುರದ್ವಾನ್ ಅವರ ಹೆಸರನ್ನೂ ಇಲ್ಲಿ ಹೇಳಬೇಕು. ಮೊದಲ ಇಂತಿಫಾದಾದಲ್ಲಿ ಎಂಟು ವರ್ಷದ ಹುಡುಗನೊಬ್ಬ ಕಲ್ಲು ಎತ್ತಿ ನಿಂತ ಚಿತ್ರ ಪ್ರಪಂಚವೆಲ್ಲ ಹರಡಿತ್ತು, ಆ ಹುಡುಗ ಇವರೇ. ಹದಿಹರೆಯದಲ್ಲಿ ವಯೋಲಾ ವಾದ್ಯ ಕೈಗೆ ಸಿಕ್ಕಿತು, ಫ್ರಾನ್ಸ್‌ನಲ್ಲಿ ಸಂಗೀತ ಕಲಿತರು, 2002ರಲ್ಲಿ ಅಲ್ ಕಮಂಜಾತಿ ಸಂಗೀತ ಶಾಲೆಯನ್ನು ಕಟ್ಟಿದರು. ವೆಸ್ಟ್ ಬ್ಯಾಂಕಿನ ಕ್ಯಾಂಪುಗಳಲ್ಲಿ, ಲೆಬನಾನಿನ ಕ್ಯಾಂಪುಗಳಲ್ಲಿ ಮಕ್ಕಳು ಅದರಿಂದ ಪಿಟೀಲು, ಔದ್, ಚೆಲ್ಲೋ ಕಲಿತಿದ್ದಾರೆ.

ಈ ಎಲ್ಲ ಕೇಂದ್ರಗಳಲ್ಲಿ ಒಂದು ಸಾಮಾನ್ಯ ಸಂಗತಿ ಇದೆ. ನನ್ನ ಮಟ್ಟಿಗೆ ಅದೇ ಮುಖ್ಯ. ಶಿಬಿರದ ಮಕ್ಕಳನ್ನು ನೋಡಿಕೊಳ್ಳುವ ಹದಿನೆಂಟು ಇಪ್ಪತ್ತರ ಯುವಕ ಯುವತಿಯರನ್ನು ಅರಬಿಯಲ್ಲಿ ಮುನಶ್ಶಿತ್ ಎನ್ನುತ್ತಾರೆ. ಇವರಲ್ಲಿ ಬಹಳಷ್ಟು ಜನ ಅದೇ ಕೇಂದ್ರದಲ್ಲಿ ಮಕ್ಕಳಾಗಿ ಕೂತವರು. ಹತ್ತನೇ ವಯಸ್ಸಿನಲ್ಲಿ ದಬ್ಕೆ ಕಲಿತವಳು ಹದಿನೈದಕ್ಕೆ ಚಿಕ್ಕವರ ಸಾಲಿನ ಮುಂದೆ ನಿಲ್ಲುತ್ತಾಳೆ, ಶಾಲೆಯ ಕೊನೆಯ ತೌಜೀಹಿ ಪರೀಕ್ಷೆ ಮುಗಿಸಿದ ಬೇಸಿಗೆಯಲ್ಲಿ ಒಂದು ಗುಂಪಿನ ಹೊಣೆ ಹೊರುತ್ತಾಳೆ. ಕಲಿತದ್ದನ್ನು ಇನ್ನೊಬ್ಬರಿಗೆ ಕೊಡಬೇಕಾಗಿ ಬಂದಾಗ ಅವಳ ದನಿ ಬದಲಾಗುತ್ತದೆ. ಮೂವತ್ತು ಮಕ್ಕಳ ಎದುರು ನಿಂತು, ಅಳುವವನನ್ನು ಸುಮ್ಮನಾಗಿಸಿ, ಜಗಳ ಬಿಡಿಸಿ, ಮಧ್ಯಾಹ್ನ ಮನೆಗೆ ಬಂದು ಮರುದಿನದ ಆಟ ಯೋಚಿಸುವ ಹುಡುಗಿಗೆ ನಾಯಕತ್ವದ ಬಗ್ಗೆ ಬೇರೆ ಉಪನ್ಯಾಸ ಬೇಕಾಗಿಲ್ಲ. ಸಬಲೀಕರಣದ ಹೆಸರಿನಲ್ಲಿ ಹೋಟೆಲ್ ಸಭಾಂಗಣಗಳಲ್ಲಿ ಮೂರು ದಿನ ಕೂರಿಸಿ, ಪ್ರಮಾಣಪತ್ರ ಕೊಟ್ಟು, ಗುಂಪು ಫೋಟೊ ತೆಗೆದು ಕಳಿಸುವ ತರಬೇತಿಗಳಿಗಿಂತ ಈ ಒಂದು ಬೇಸಿಗೆ ಎಷ್ಟೋ ಪಾಲು ಗಟ್ಟಿ ಎಂದು ನನ್ನ ನಂಬಿಕೆ. ನನ್ನದೇ ಕೆಲಸದಲ್ಲೂ ನಾನು ಕಂಡದ್ದು ಇದನ್ನೇ. ದೊಡ್ಡ ಹೆಸರಿನ ನಿರ್ದೇಶಕರು ಬಂದು ಹೋದ ಶಿಬಿರಕ್ಕಿಂತ, ಹಿಂದಿನ ವರ್ಷದ ಮಕ್ಕಳೇ ಮರಳಿ ಬಂದು ಕಿರಿಯರಿಗೆ ಹೇಳಿಕೊಟ್ಟ ಶಿಬಿರ ಹೆಚ್ಚು ಕಾಲ ಬಾಳಿದೆ.

ವಿದೇಶಿ ಸ್ವಯಂಸೇವಕರ ವಿಷಯದಲ್ಲೂ ಇದೇ ಅಳತೆಗೋಲು ಸಾಕು. ಪ್ರತಿ ಬೇಸಿಗೆ ಯುರೋಪ್, ಅಮೆರಿಕಗಳಿಂದ ಕಾಲೇಜು ವಿದ್ಯಾರ್ಥಿಗಳು ಕ್ಯಾಂಪುಗಳಿಗೆ ಬರುತ್ತಾರೆ. ಬರುವವರ ಪ್ರೀತಿ ನಿಜವಾದದ್ದೇ. ಆದರೆ ಎರಡು ವಾರದ ಮೇಲೆ ವಿಮಾನ ಹತ್ತುವವರಿಗೆ ಮಕ್ಕಳು ಅಂಟಿಕೊಂಡು, ಪ್ರತಿ ವರ್ಷ ಹೊಸ ಅಗಲಿಕೆಯನ್ನು ಅನುಭವಿಸುತ್ತಾರೆ. ಗುಂಪಿನ ಹೊಣೆ ಸ್ಥಳೀಯ ಯುವಕರದೇ ಆಗಿ, ಹೊರಗಿನವರು ಅವರ ಕೈಕೆಳಗೆ ಕೆಲಸ ಮಾಡುವಲ್ಲಿ ಈ ನೋವು ಕಡಿಮೆ. ನಾಬ್ಲಸ್‌ನ ಟುಮಾರೋಸ್ ಯೂತ್ ಆರ್ಗನೈಸೇಶನ್ ಬಲಾತಾ, ಅಸ್ಕರ್ ಕ್ಯಾಂಪುಗಳ ಮಕ್ಕಳಿಗಾಗಿ ನಡೆಸಿದ ಕಾರ್ಯಕ್ರಮಗಳಲ್ಲಿ ಸ್ಥಳೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಿದೇಶಿಯರ ಜೊತೆಗೂಡಿ ತರಗತಿ ನಡೆಸುವ ಕ್ರಮವಿತ್ತು. ಅದು ಸರಿಯಾದ ದಾರಿ.

ಇಷ್ಟಾದರೂ ಶಿಬಿರಗಳು ಎಲ್ಲವನ್ನೂ ಬದಲಿಸುತ್ತವೆ ಎಂದು ಹೇಳಲು ವೆಸ್ಟ್ ಬ್ಯಾಂಕಿನ ಜೆನಿನ್ ಕ್ಯಾಂಪಿನ ಕಥೆ ಬಿಡುವುದಿಲ್ಲ. ಮೊದಲ ಇಂತಿಫಾದಾದಲ್ಲಿ ಇಸ್ರೇಲಿ ಸೇನೆ ಶಾಲೆಗಳನ್ನು ತಿಂಗಳುಗಟ್ಟಲೆ ಮುಚ್ಚಿದಾಗ ಆರ್ನಾ ಮೆರ್ ಖಮೀಸ್ ಎಂಬ ಯಹೂದಿ ಮಹಿಳೆ ಅಲ್ಲಿಗೆ ಬಂದು ಮಕ್ಕಳಿಗೆ ಬೀದಿಯಲ್ಲೇ ಚಿತ್ರ, ಪಾಠ ಶುರುಮಾಡಿದರು. 1993ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಆ ಹಣದಿಂದ ಒಂದು ಮನೆಯ ಮಹಡಿಯ ಮೇಲೆ ಮಕ್ಕಳ ರಂಗಮಂದಿರ ಕಟ್ಟಿದರು. 1995ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. 2002ರಲ್ಲಿ ಇಸ್ರೇಲಿ ಸೇನೆ ಕ್ಯಾಂಪಿನ ಮೇಲೆ ನಡೆಸಿದ ದಾಳಿಯಲ್ಲಿ ಆ ರಂಗಮಂದಿರ ನೆಲಸಮವಾಯಿತು. ಅಲ್ಲಿ ನಾಟಕವಾಡಿದ ಹುಡುಗರಲ್ಲಿ ಹಲವರು ಬಂದೂಕು ಹಿಡಿದು ಸತ್ತರು, ಒಬ್ಬ ಇಸ್ರೇಲಿ ಪಟ್ಟಣದಲ್ಲಿ ಜನರ ಮೇಲೆ ಗುಂಡು ಹಾರಿಸಿ ಸತ್ತ. ಮಕ್ಕಳಿಗೆ ನಾಟಕ ಕಲಿಸುವ ನಾನು ಇದನ್ನು ಓದಿ ಬಹಳ ದಿನ ತಳಮಳಿಸಿದೆ. ರಂಗದ ಮೇಲೆ ರಾಜನಾಗಿ, ಮರವಾಗಿ, ಮೀನಾಗಿ ನಿಂತ ಹುಡುಗನನ್ನು ಕಾಪಾಡಲು ನಾಟಕಕ್ಕೆ ಆಗಲಿಲ್ಲ. ಮನೆ ಉರುಳುತ್ತಿರುವಾಗ, ಅಣ್ಣ ಸತ್ತು ಮಲಗಿರುವಾಗ, ಆ ಭಾರವನ್ನು ನಾಟಕದ ತಲೆಯ ಮೇಲೆ ಹೊರಿಸುವುದೂ ನ್ಯಾಯವಲ್ಲ.

ಆರ್ನಾ ಅವರ ಮಗ, ನಟ ಜೂಲಿಯಾನೊ ಮೆರ್ ಖಮೀಸ್, 2006ರಲ್ಲಿ ಅದೇ ಕ್ಯಾಂಪಿನಲ್ಲಿ ಫ್ರೀಡಂ ಥಿಯೇಟರ್ ಆರಂಭಿಸಿದರು. ಜೊತೆಗೂಡಿದವರಲ್ಲಿ ಹಳೆಯ ರಂಗಮಂದಿರದಲ್ಲಿ ಬಾಲನಟನಾಗಿದ್ದು ಆಮೇಲೆ ಸಶಸ್ತ್ರ ಗುಂಪಿನ ನಾಯಕನಾದ ಜಕರಿಯಾ ಜುಬೈದಿಯೂ ಇದ್ದರು. 2011ರ ಏಪ್ರಿಲ್ 4ರಂದು ಜೂಲಿಯಾನೊ ಅವರನ್ನು ರಂಗಮಂದಿರದ ಹೊರಗೆ ಮುಸುಕುಧಾರಿಯೊಬ್ಬ ಗುಂಡಿಟ್ಟು ಕೊಂದ. ಅವರ ವಿದ್ಯಾರ್ಥಿಗಳು ಬಾಗಿಲು ಮುಚ್ಚಲಿಲ್ಲ. ಅವರಲ್ಲೇ ಬೆಳೆದವರು ನಟರಾಗಿ, ಶಿಕ್ಷಕರಾಗಿ, ಮುಂದೆ ರಂಗಮಂದಿರದ ಮುಖ್ಯಸ್ಥರಾಗಿ ಅದನ್ನು ನಡೆಸಿದರು. ಈ ತಂಡ ನಮ್ಮ ದೇಶಕ್ಕೂ ಬಂದಿದೆ. 2015ರ ಕೊನೆ, 2016ರ ಆರಂಭದಲ್ಲಿ ದೆಹಲಿಯ ಜನ ನಾಟ್ಯ ಮಂಚ್ ಜೊತೆ ಸೇರಿ ಹೊಸ ನಾಟಕ ಕಟ್ಟಿ ಭಾರತದ ಹಲವು ನಗರಗಳ ಬೀದಿಗಳಲ್ಲಿ ಆಡಿದರು. ಬೀದಿನಾಟಕದ ನಂಟಿರುವ ಕನ್ನಡದ ಗೆಳೆಯರಿಗೆ ಜನ ನಾಟ್ಯ ಮಂಚ್ ಹೊಸ ಹೆಸರಲ್ಲ. ಜೆನಿನ್ ಹುಡುಗರು ಅವರೊಡನೆ ಒಂದೇ ವೃತ್ತದಲ್ಲಿ ನಿಂತು ಆಡಿದ್ದರು ಎಂಬುದು ನನಗೆ ಆ ಕ್ಯಾಂಪನ್ನು ಬಹಳ ಹತ್ತಿರ ತಂದಿತು.

ಲೆಬನಾನಿನಲ್ಲಿ ಗೋಡೆ ಕಾಣುವುದಿಲ್ಲ, ಕಾನೂನಿನಲ್ಲಿದೆ. ಅಲ್ಲಿನ ಹನ್ನೆರಡು ಕ್ಯಾಂಪುಗಳ ಪ್ಯಾಲೆಸ್ತೀನಿಯರಿಗೆ ಆ ದೇಶದ ಪೌರತ್ವವಿಲ್ಲ. ವೈದ್ಯರು, ವಕೀಲರು, ಎಂಜಿನಿಯರುಗಳಾಗಿ ದುಡಿಯುವಂತಿಲ್ಲ. 2001ರ ಕಾನೂನಿನ ನಂತರ ಮನೆ, ಜಮೀನು ಕೊಳ್ಳುವಂತೆಯೂ ಇಲ್ಲ. ತೆಲ್ ಅಲ್ ಜಾತರ್ ಕ್ಯಾಂಪಿನ ಹತ್ಯಾಕಾಂಡದಲ್ಲಿ ಅನಾಥರಾದ ಮಕ್ಕಳಿಗಾಗಿ 1976ರಲ್ಲಿ ಹುಟ್ಟಿದ ಬೈತ್ ಅತ್ಫಾಲ್ ಅಸ್ಸುಮೂದ್ ಸಂಸ್ಥೆ ಇಂದಿಗೂ ಕ್ಯಾಂಪುಗಳಲ್ಲಿ ಶಿಶುವಿಹಾರ, ಸ್ಕೌಟ್, ಬೇಸಿಗೆ ಚಟುವಟಿಕೆ ನಡೆಸುತ್ತದೆ. ದಕ್ಷಿಣದ ಬುರ್ಜ್ ಅಲ್ ಶೆಮಾಲಿ ಕ್ಯಾಂಪಿನಲ್ಲಿ ಅದರ ಮಕ್ಕಳು ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ ಊದುತ್ತಾರೆ. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಪ್ಯಾಲೆಸ್ತೀನಿನಲ್ಲಿ ಕೇಳಿ ಬಂದ ವಾದ್ಯ, ನಿರಾಶ್ರಿತರ ಜೊತೆ ಉಳಿದುಕೊಂಡು ಈಗ ಅವರದೇ ಆಗಿದೆ. ಆದರೆ ಈ ಎಲ್ಲ ಉತ್ಸಾಹದ ಆಚೆ ಒಂದು ಪ್ರಶ್ನೆ ಇದೆ. ಶಿಬಿರದಲ್ಲಿ ಆತ್ಮವಿಶ್ವಾಸ ಪಡೆದು, ಓದಿ, ಎಂಜಿನಿಯರಿಂಗ್ ಪದವಿ ಪಡೆದ ಯುವತಿ ಮುಂದೆ ಏನು ಮಾಡಬೇಕು? ಗಾಜಾದಲ್ಲಿ ಯುದ್ಧಕ್ಕೆ ಮೊದಲೇ ಯುವಜನರ ನಿರುದ್ಯೋಗ ಶೇಕಡಾ 60ಕ್ಕಿಂತ ಹೆಚ್ಚಿತ್ತು. ಆ ಯುವಕರಿಗೆ ಸಾಮರ್ಥ್ಯ ಕಡಿಮೆ ಇರಲಿಲ್ಲ, ಅವರ ಎದುರಿನ ಬಾಗಿಲುಗಳು ಮುಚ್ಚಿದ್ದವು. ದಾನಿ ದೇಶಗಳು ಯುವಜನರನ್ನು ಬಲಪಡಿಸುತ್ತೇವೆ ಎಂದು ಬರೆಯುವಾಗ ಆ ಬಾಗಿಲುಗಳ ಬಗ್ಗೆಯೂ ಒಂದು ವಾಕ್ಯ ಬರೆಯಲೇಬೇಕು. ಶಿಬಿರಕ್ಕೆ ಹಣ ಕೊಟ್ಟು, ದಿಗ್ಬಂಧನದ ಬಗ್ಗೆ ಮೌನವಾಗಿರುವುದನ್ನು ನನ್ನಿಂದ ಒಪ್ಪಲಾಗುವುದಿಲ್ಲ.

2023ರ ಅಕ್ಟೋಬರ್ 7ರ ಹಮಾಸ್ ದಾಳಿ ಮತ್ತು ಅದರ ಬೆನ್ನಿಗೆ ಬಂದ ಯುದ್ಧ ಗಾಜಾದ ಮಕ್ಕಳಿಂದ ಶಾಲೆ, ಬಯಲು, ದಂಡೆ ಎಲ್ಲವನ್ನೂ ಕಸಿದುಕೊಂಡಿತು. ಆರು ಲಕ್ಷಕ್ಕೂ ಹೆಚ್ಚು ಮಕ್ಕಳ ಶಾಲೆ ನಿಂತಿತು. ಶಾಲೆಗಳು ಆಶ್ರಯತಾಣಗಳಾದವು, ತರಗತಿಯ ಕೋಣೆಗಳಲ್ಲಿ ಸಂಸಾರಗಳು ಒಲೆ ಹೂಡಿದವು. ಅಂಥದರಲ್ಲೂ 2024ರ ಆಗಸ್ಟ್ 1ರಂದು ಉನ್ರ್ವಾ 45 ಆಶ್ರಯತಾಣಗಳಲ್ಲಿ ಮಕ್ಕಳನ್ನು ಕಲಿಕೆಗೆ ಮರಳಿಸುವ ಕೆಲಸ ಆರಂಭಿಸಿತು. ಮೊದಲ ಹಂತದಲ್ಲಿ ಹಾಡು, ಚಿತ್ರ, ಆಟ, ಮಾತು. ಓದು ಬರಹ ಆಮೇಲೆ. ಅನ್ನ ನೀರಿಲ್ಲದ ಕಡೆ ಆಟ ಯಾಕೆ ಎಂದು ಕೇಳುವವರಿದ್ದಾರೆ. ಅನ್ನ ಮೊದಲು ಬೇಕು, ಅದರಲ್ಲಿ ಎರಡು ಮಾತಿಲ್ಲ. 2025ರ ಆಗಸ್ಟ್‌ನಲ್ಲಿ ಗಾಜಾ ನಗರದಲ್ಲಿ ಕ್ಷಾಮವಿದೆ ಎಂದು ಅಧಿಕೃತವಾಗಿ ದೃಢಪಟ್ಟಿತು. ಹಸಿದ ಮಗುವನ್ನು ಕುಣಿ ಎನ್ನಲು ಯಾರಿಗೂ ಬಾಯಿ ಬಾರದು. ಆದರೆ ನೀರಿನ ಸಾಲಿನಲ್ಲಿ ಡಬ್ಬಿ ಹಿಡಿದು ನಿಲ್ಲುವ ಮಗು ಮಾತು ಬಿಟ್ಟು, ರಾತ್ರಿ ಬೆಚ್ಚಿ ಎದ್ದು, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿರುವಾಗ ಅದರ ಪಕ್ಕದಲ್ಲಿ ಬಣ್ಣದ ಕಡ್ಡಿ ಹಿಡಿದು ಕೂರಲು ಒಬ್ಬರು ಬೇಕು. ಕೂತವರು ತಾವೂ ಡೇರೆಯಲ್ಲೇ ಮಲಗಿ ಎದ್ದು ಬಂದವರು, ತಮ್ಮ ಮನೆಯವರನ್ನು ಕಳೆದುಕೊಂಡವರು. ವಯಸ್ಸಿನ ಲೆಕ್ಕ ಹಾಕಿ ನೋಡಿದರೆ 2011ರಲ್ಲಿ ಬೈತ್ ಲಾಹಿಯಾದಲ್ಲಿ ಪಟ ಹಾರಿಸಿದ ಹತ್ತು ವರ್ಷದ ಮಗು ಈ ಯುದ್ಧದ ಹೊತ್ತಿಗೆ ಶಿಬಿರದ ಮುನಶ್ಶಿತ್ ಆಗುವ ಪ್ರಾಯಕ್ಕೆ ಬಂದಿತ್ತು.

ವೆಸ್ಟ್ ಬ್ಯಾಂಕಿನಲ್ಲೂ ನೆಲ ಕುಸಿಯುತ್ತಿದೆ. 2025ರ ಜನವರಿ 21ರಂದು ಶುರುವಾದ ಇಸ್ರೇಲಿ ಸೇನಾ ಕಾರ್ಯಾಚರಣೆ ಜೆನಿನ್, ತುಲ್ಕರೆಮ್, ನೂರ್ ಶಮ್ಸ್ ಕ್ಯಾಂಪುಗಳನ್ನು ಖಾಲಿ ಮಾಡಿಸಿತು. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಮತ್ತೊಮ್ಮೆ ನಿರಾಶ್ರಿತರಾದರು. ಫ್ರೀಡಂ ಥಿಯೇಟರಿನ ಕಟ್ಟಡ ಆ ಖಾಲಿ ಕ್ಯಾಂಪಿನೊಳಗೇ ಉಳಿಯಿತು. 2025ರ ಮೇ 8ರಂದು ಪೂರ್ವ ಜೆರುಸಲೇಮಿನ ಆರು ಉನ್ರ್ವಾ ಶಾಲೆಗಳನ್ನು ಇಸ್ರೇಲ್ ಮುಚ್ಚಿಸಿತು. ಅದರಲ್ಲಿ ಮೂರು ಶುಅಫಾತ್ ಕ್ಯಾಂಪಿನವು. ಬೇಸಿಗೆಗೆ ಇನ್ನೊಂದು ತಿಂಗಳಿತ್ತು, ಮಕ್ಕಳು ಪರೀಕ್ಷೆ ಬರೆಯುವ ಮೊದಲೇ ಬೀಗ ಬಿತ್ತು.

ಜೆನಿನ್ ಕ್ಯಾಂಪಿನ ಸಂಸಾರಗಳು ಈಗ ಪಟ್ಟಣದಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ, ಬಾಡಿಗೆ ಮನೆಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ಚದುರಿವೆ. ಒಂದೇ ಓಣಿಯ ಮಕ್ಕಳು ಐದಾರು ಊರುಗಳಲ್ಲಿದ್ದಾರೆ. ಅವರನ್ನು ಒಟ್ಟುಗೂಡಿಸಬೇಕಾದರೆ ಮೊದಲು ಬಸ್ಸಿನ ಬಾಡಿಗೆ ಬೇಕು, ತಪಾಸಣಾ ಠಾಣೆ ತೆರೆದಿರುವ ಗಂಟೆ ಗೊತ್ತಿರಬೇಕು, ಯಾವ ಮಗು ಎಲ್ಲಿದೆ ಎಂಬ ಪಟ್ಟಿ ಬೇಕು. ಆ ಪಟ್ಟಿ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಯಾರ ತಂಗಿ ಯಾವ ಹಳ್ಳಿಗೆ ಹೋದಳು, ಯಾರ ಮನೆಯವರು ಯಾವ ನೆಂಟರ ಬಳಿ ಇದ್ದಾರೆ ಎಂಬುದು ಹಿಂದಿನ ಬೇಸಿಗೆಗಳಲ್ಲಿ ಆ ಮಕ್ಕಳ ಗುಂಪು ನಡೆಸಿದ ಯುವಕ ಯುವತಿಯರಿಗೆ ಗೊತ್ತು, ಅವರ ಮೊಬೈಲಿನಲ್ಲಿ ತಾಯಂದಿರ ನಂಬರುಗಳಿವೆ. ನೆರವು ನೀಡಲು ಮನಸ್ಸಿರುವವರು ಮೊದಲು ಮಾತಾಡಬೇಕಾದದ್ದು ಅವರ ಜೊತೆ.